ಗಾಜಿನ ಹಿಂದಿರುವ ಹಿರಿಯರ ಮುಖ ಸರಿಯಾಗಿ ಕಾಣಲಿ

ಮಾನ್ಯ ಸಂಪಾದಕರೇ,

ಓದುಗರು ಕಳಿಸುವ ಹಳೆಯ ಫೋಟೋಗಳನ್ನು ನಿಮ್ಮ ಪತ್ರಿಕೆಯಲ್ಲಿ ಹಾಕುತ್ತಾ ಬಂದಿದ್ದೀರಿ. ತುಂಬ ಒಳ್ಳೆಯ ಕೆಲಸ. ಕೊಡವರ ಹಿರಿಯರ ಮೂಲ ಮನೆಯಾದ ಐನ್‌ಮನೆಯ ಮೆಟ್ಟಿಲ ಮೇಲೆ ಸಾಲಾಗಿ ನಿಂತ ಕುಟುಂಬ, ಮಿಲಿಟರಿಯಿಂದ ರಜೆಗೆ ಬಂದ ಹುಡುಗ, ಹಾಕಿ ಸ್ಟಿಕ್ಕು ಹಿಡಿದು ಕೂತ ಶಾಲೆಯ ತಂಡ. ಇಂಥ ಫೋಟೋಗಳು ನಮ್ಮ ಕೊಡಗು ಜಿಲ್ಲೆಯಲ್ಲಿ ಇಲ್ಲದ ಮನೆಯೇ ಇಲ್ಲ ಅನ್ನಬಹುದು. ಆದರೆ ನೀವು ಹಾಕಿದವುಗಳಲ್ಲಿ ಎಷ್ಟೋ ಫೋಟೋಗಳಲ್ಲಿ ಮುಖವೇ ಕಾಣುವುದಿಲ್ಲ. ಗೋಡೆಯ ಮೇಲಿನ ಫ್ರೇಮಿಗೆ ಮೊಬೈಲ್ ಹಿಡಿದು ತೆಗೆದ ಫೋಟೋಗಳು ಅವು. ಒಂದರಲ್ಲಿ ಅಜ್ಜನ ಹಣೆಯ ಮೇಲೆ ಫ್ಲಾಶಿನ ಬಿಳಿ ಮಚ್ಚೆ. ಇನ್ನೊಂದರಲ್ಲಿ ಇಡೀ ಹಾಕಿ ತಂಡದ ಎದೆಯ ಮೇಲೆ ಉದ್ದಕ್ಕೆ ಟ್ಯೂಬ್‌ಲೈಟ್. ಮತ್ತೊಂದರಲ್ಲಿ ಮದುಮಗಳ ಸೀರೆಯ ಜಾಗದಲ್ಲಿ, ಫೋಟೋ ತೆಗೆದವರ ಕೈ, ಮೊಬೈಲು, ಹಿಂದಿನ ಕಿಟಕಿ ಎಲ್ಲಾ ಕಾಣುತ್ತಿದೆ.

ನಾನು ಮಡಿಕೇರಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಕೆಲಸ ಮಾಡುವವನು. ದೇವರ ಪಟ, ಮದುವೆ ಫೋಟೋ, ತೀರಿಹೋದವರ ಫೋಟೋ, ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ ಇಟ್ಟ ಗಾಜಿನ ಪೆಟ್ಟಿಗೆ, ಹೀಗೆ ಎಲ್ಲದಕ್ಕೂ ಗಾಜು ಕೊಯ್ದು ಕೂರಿಸಿದ ಕೈ ಇದು. ಹಾಗಾಗಿ ಗಾಜಿನ ಸ್ವಭಾವ ಸ್ವಲ್ಪ ಗೊತ್ತು. ಆ ತಿಳಿವಳಿಕೆಯನ್ನು ನಿಮ್ಮ ಓದುಗರಿಗೆ ಮುಟ್ಟಿಸಬೇಕು ಅಂತ ಈ ಪತ್ರ. ಮಳೆ ಶುರುವಾಗುವ ಮೊದಲೇ ಮುಟ್ಟಿಸಬೇಕು ಅನ್ನುವುದು ನನ್ನ ಅವಸರ.

ಅವಸರಕ್ಕೆ ಕಾರಣ ಹೇಳುತ್ತೇನೆ. ಹಳೆಯ ಕಪ್ಪು ಬಿಳುಪು ಫೋಟೋದ ಮೇಲ್ಪದರ ಜೆಲಟಿನ್ ಅನ್ನುವ ವಸ್ತುವಿನದು. ಗಾಳಿಯ ತೇವವನ್ನು ಅದು ಹೀರಿಕೊಳ್ಳುತ್ತದೆ. ಹೀರಿಕೊಂಡು ಊದಿಕೊಳ್ಳುತ್ತದೆ, ಮೆತ್ತಗಾಗುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುವ ಊರು ನಮ್ಮದು. ಗೋಡೆಗೆ ಒರಗಿದ ಫ್ರೇಮಿನ ಪಾಡೇನು? ಹಿಂದಿನವರು ಫೋಟೋವನ್ನು ನೇರವಾಗಿ ಗಾಜಿಗೆ ಒತ್ತಿ, ಹಿಂದೆ ಹಲಗೆ ಕೊಟ್ಟು ಮೊಳೆ ಹೊಡೆಯುತ್ತಿದ್ದರು. ಗಾಜಿಗೂ ಫೋಟೋಗೂ ನಡುವೆ ಸಂದೇ ಇಲ್ಲ. ಹೀಗಾಗಿ ಮಳೆಗಾಲ ಕಳೆದ ಹಾಗೆಲ್ಲ ಫೋಟೋ ಗಾಜಿಗೆ ಅಂಟುತ್ತಾ ಹೋಗುತ್ತದೆ. ಫ್ರೇಮನ್ನು ಓರೆಯಾಗಿ ಹಿಡಿದು ನೋಡಿ. ಎಣ್ಣೆ ಬಿದ್ದ ಹಾಗೆ ಹೊಳೆಯುವ ತೇಪೆಗಳು ಕಂಡರೆ ಅಲ್ಲಿ ಅಂಟಿದೆ ಅಂತ ಅರ್ಥ.

ಅಂಥ ಫೋಟೋವನ್ನು ದಯವಿಟ್ಟು ಬಿಚ್ಚಬೇಡಿ. ಬ್ಲೇಡು ಹಾಕಿ ಎಬ್ಬಿಸಿದರೆ ಮುಖದ ಪದರ ಗಾಜಿನ ಮೇಲೇ ಉಳಿಯುತ್ತದೆ, ನಿಮ್ಮ ಕೈಗೆ ಬರುವುದು ಬರೀ ಕಾಗದ. ನೀರಲ್ಲಿ ನೆನೆಸುವ ಸಾಹಸವಂತೂ ಬೇಡವೇ ಬೇಡ. ಅಂಟಿದ ಫೋಟೋದ ಪ್ರತಿ ಮಾಡಲು ಮನೆಯಲ್ಲಿ ಉಳಿಯುವ ದಾರಿ ಒಂದೇ, ಗಾಜಿನ ಮೂಲಕವೇ ಅದರ ಫೋಟೋ ತೆಗೆಯುವುದು. ಅದಕ್ಕೇ ಈ ವಿದ್ಯೆ ನಮ್ಮ ಜಿಲ್ಲೆಯವರಿಗೆ ಬೇರೆಯವರಿಗಿಂತ ಜಾಸ್ತಿ ಬೇಕು ಅನ್ನುತ್ತೇನೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಕಾಲೂರು, ಹೆಬ್ಬೆಟ್ಟಗೇರಿ ಕಡೆ ಗುಡ್ಡ ಕುಸಿದದ್ದನ್ನು ಯಾರೂ ಮರೆತಿಲ್ಲ. ಅದಾದ ಮೇಲೆ ಆ ಕಡೆಯ ಒಬ್ಬ ಅಕ್ಕ ನನ್ನ ಅಂಗಡಿಗೆ ಬಂದಿದ್ದರು. ಮನೆ ಹೋಗಿತ್ತು. ಮನೆಯ ಜೊತೆ ಗೋಡೆಯ ಮೇಲಿದ್ದ ಫೋಟೋಗಳೂ ಹೋಗಿದ್ದವು. ಅವರ ತಂದೆ ತಾಯಿ ಜೋಡಿಯಾಗಿ ಕೂತ ಫೋಟೋವನ್ನು ಮಗ ಯಾವಾಗಲೋ ಮೊಬೈಲಿನಲ್ಲಿ ತೆಗೆದಿದ್ದನಂತೆ. "ಅಣ್ಣಾ, ಇದೊಂದನ್ನ ದೊಡ್ಡದು ಮಾಡಿ ಕಟ್ಟು ಹಾಕಿ ಕೊಡಿ" ಅಂದರು. ತಾಯಿಯ ಮುಖ ಚೆನ್ನಾಗಿತ್ತು. ತಂದೆಯ ಮುಖ ಇರಬೇಕಾದಲ್ಲಿ ಫ್ಲಾಶ್ ಹೊಡೆದು ಬರೀ ಬೆಳ್ಳಗೆ. ಪೂರ್ತಿ ಬೆಳ್ಳಗಾದ ಜಾಗದಲ್ಲಿ ಯಾವ ವಿವರವೂ ಉಳಿದಿರುವುದಿಲ್ಲ, ಆಮೇಲೆ ಎಷ್ಟು ಕಪ್ಪು ಮಾಡಿದರೂ ಏನೂ ಬರುವುದಿಲ್ಲ. ಅದನ್ನು ಅವರಿಗೆ ಬಿಡಿಸಿ ಹೇಳುವುದು ನನಗೆ ಬಹಳ ಕಷ್ಟವಾಯಿತು. ಆ ಹುಡುಗ ಅವತ್ತು ಫ್ರೇಮಿನ ಎದುರಿನಿಂದ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ತೆಗೆದಿದ್ದರೂ ಸಾಕಿತ್ತು.

ಈಗ ತೆಗೆಯುವ ಕ್ರಮಕ್ಕೆ ಬರುತ್ತೇನೆ. ಗಾಜು ತನ್ನಷ್ಟಕ್ಕೆ ಹೊಳೆಯುವುದಿಲ್ಲ. ಎದುರಿಗೆ ಇರುವುದನ್ನು ತೋರಿಸುತ್ತದೆ ಅಷ್ಟೇ. ಹಾಕಿಯಲ್ಲಿ ಚೆಂಡು ಹಲಗೆಗೆ ಬಡಿದರೆ ಯಾವ ಓರೆಯಲ್ಲಿ ಬಂತೋ ಅದೇ ಓರೆಯಲ್ಲಿ ಆಚೆ ಪಕ್ಕಕ್ಕೆ ಹೋಗುತ್ತದೆ ಅಲ್ವಾ, ಬೆಳಕೂ ಹಾಗೆಯೇ. ಮೊಬೈಲಿನ ಫ್ಲಾಶ್ ಲೆನ್ಸಿನ ಪಕ್ಕದಲ್ಲೇ ಇರುತ್ತದೆ. ನೇರ ಎದುರಿಗೆ ನಿಂತು ಹೊಡೆದರೆ ಅದು ನೇರ ವಾಪಸ್ ಲೆನ್ಸಿಗೇ ಬರುತ್ತದೆ. ಆದ್ದರಿಂದ ಮೊದಲು ಫ್ಲಾಶನ್ನು ಪೂರ್ತಿ ಆಫ್ ಮಾಡಿ. ಆಟೋದಲ್ಲಿ ಬಿಟ್ಟರೆ ಕತ್ತಲೆ ಪಡಸಾಲೆಯಲ್ಲಿ ಅದು ತಾನಾಗಿಯೇ ಹೊಡೆಯುತ್ತದೆ. ಪಕ್ಕದವರು ಸಹಾಯ ಮಾಡೋಣ ಅಂತ ಟಾರ್ಚ್ ಹಿಡಿದರೂ ಅದೇ ಕಥೆ.

ಫ್ರೇಮನ್ನು ಗೋಡೆಯಿಂದ ಇಳಿಸಬಹುದಾದರೆ ಕೆಲಸ ಸುಲಭ. ಅಗಲವಾದ ಬಾಗಿಲಿನಿಂದ ನಾಲ್ಕೈದು ಅಡಿ ಒಳಗೆ ಒಂದು ಕುರ್ಚಿ ಇಡಿ, ಅದರ ಮೇಲೆ ಫ್ರೇಮನ್ನು ನೆಟ್ಟಗೆ ಒರಗಿಸಿ. ಬಾಗಿಲು ಫ್ರೇಮಿನ ಮುಂದೆಯೂ ಬೇಡ, ಹಿಂದೆಯೂ ಬೇಡ, ಪಕ್ಕಕ್ಕೆ ಬರಬೇಕು. ಬೆಳಕು ಪಕ್ಕದಿಂದ ಬಂದು ಗಾಜಿಗೆ ತಾಗಿ ಆಚೆ ಪಕ್ಕಕ್ಕೆ ಹೋಗುತ್ತದೆ. ನಡುವೆ ನಿಂತ ನಿಮ್ಮ ಲೆನ್ಸಿಗೆ ಸಿಗುವುದು ಫೋಟೋ ಮಾತ್ರ. ಒಂದು ಪಕ್ಕ ಕಪ್ಪಾಯಿತು ಅನ್ನಿಸಿದರೆ ಆ ಪಕ್ಕಕ್ಕೆ, ಫ್ರೇಮಿನ ಹೊರಗೆ, ಬಿಳಿ ಪಂಚೆಯನ್ನೋ ಥರ್ಮೋಕೋಲನ್ನೋ ಹಿಡಿಸಿ. ನೇರ ಬಿಸಿಲು ಬೇಡ. ಮೋಡದ ಬೆಳಕು ಸಾಕು, ಅದು ನಮ್ಮಲ್ಲಿ ಬೇಕಾದಷ್ಟು ಉಂಟು.

ತುಂಬ ಜನ ಫ್ರೇಮನ್ನು ಕಾಫಿ ಕಣಕ್ಕೆ ತಂದು ಅಂಗಾತ ಮಲಗಿಸಿ ಮೇಲಿನಿಂದ ತೆಗೆಯುತ್ತಾರೆ. ಅಲ್ಲಿ ಬೆಳಕು ಚೆನ್ನಾಗಿದೆ ನಿಜ. ಆದರೆ ಗಾಜಿನ ಎದುರಿಗೆ ಇರುವುದು ಇಡೀ ಆಕಾಶ. ಫೋಟೋ ಪೂರ್ತಿ ಮಂಜು ಮುಸುಕಿದ ಹಾಗೆ ಬಂದು, ನಡುವೆ ತೆಗೆದವರ ತಲೆ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ.

ಕೆಲವು ಮನೆಗಳಲ್ಲಿ ಹಿರಿಯರ ಫೋಟೋವನ್ನು ಗೋಡೆಯಿಂದ ಇಳಿಸುವುದಿಲ್ಲ. ಅದು ಸರಿಯೇ. ಆಗ ಫ್ರೇಮನ್ನು ಬಿಟ್ಟು ನಿಮ್ಮ ಬೆನ್ನ ಹಿಂದೆ ನೋಡಿ. ಫ್ರೇಮಿಗೆ ಎದುರಾಗಿರುವ ಕಿಟಕಿ, ಬಾಗಿಲು ಮುಚ್ಚಿ. ಎದುರಿನ ಬಲ್ಬು, ಟ್ಯೂಬ್‌ಲೈಟ್, ಟಿ.ವಿ. ಆರಿಸಿ. ಪಕ್ಕದ ಕಿಟಕಿ ತೆರೆದೇ ಇರಲಿ. ಆಮೇಲೆ ನಿಮ್ಮ ಹಿಂದೆ ಇಬ್ಬರು ಒಂದು ಕಪ್ಪು ಕಂಬಳಿಯನ್ನು ಅಗಲಿಸಿ ಹಿಡಿದು ನಿಂತರೆ ಗಾಜಿನಲ್ಲಿ ಕಾಣುವುದು ಆ ಕಪ್ಪು ಮಾತ್ರ. ಕಪ್ಪು ಕಂಡರೆ ಏನೂ ಕಾಣದ ಹಾಗೆಯೇ ಲೆಕ್ಕ. ಒಬ್ಬರೇ ಇದ್ದರೆ ಬಿಚ್ಚಿದ ಕಪ್ಪು ಕೊಡೆಯನ್ನು ಬೆನ್ನ ಹಿಂದೆ ಹಿಡಿದುಕೊಳ್ಳಿ. ಕಪ್ಪು ಚಾರ್ಟ್ ಪೇಪರಿನ ನಡುವೆ ಲೆನ್ಸಿನಷ್ಟು ತೂತು ಮಾಡಿ, ಮೊಬೈಲನ್ನು ಅದರ ಹಿಂದೆ ಇಟ್ಟು ತೆಗೆದರೆ ಕೈ, ಮೊಬೈಲು ಕೂಡ ಮರೆಯಾಗುತ್ತವೆ.

ಹಾಕಿದ ಬಟ್ಟೆಯೂ ಲೆಕ್ಕಕ್ಕೆ ಬರುತ್ತದೆ. ಬಿಳಿ ಅಂಗಿ ಗಾಜಿನಲ್ಲಿ ದೊಡ್ಡದಾಗಿ ಕಾಣುತ್ತದೆ. ಮದುವೆ ಮನೆಯಲ್ಲಿ ಕುಪ್ಯ ಅನ್ನುವ ಕೊಡವರ ಕಪ್ಪು ನಿಲುವಂಗಿ ತೊಟ್ಟವರು ಈ ಕೆಲಸಕ್ಕೆ ಬಹಳ ಒಳ್ಳೆಯವರು. ಬಿಳಿ ಕುಪ್ಯದ ಮದುಮಗನನ್ನು ಮಾತ್ರ ಫ್ರೇಮಿನ ಎದುರು ನಿಲ್ಲಿಸಬೇಡಿ.

ಕುಪ್ಯದ ಮಾತು ಬಂದದ್ದಕ್ಕೆ ಇನ್ನೊಂದು ವಿಷಯ ಹೇಳಬೇಕು. ಮಾಮೂಲು ಗಾಜಿನ ಒಂದೊಂದು ಮೈಯಿಂದ ಸುಮಾರು 4 ಶೇಕಡಾ ಬೆಳಕು ತಿರುಗಿ ಬರುತ್ತದೆ. ಮುಂದಿನ ಮೈ, ಹಿಂದಿನ ಮೈ ಸೇರಿ ಸುಮಾರು 8 ಶೇಕಡಾ. ಇಷ್ಟೇನಾ ಅನ್ನಿಸಬಹುದು. ಫೋಟೋದ ಬಿಳಿ ಭಾಗದಲ್ಲಿ ಅದು ಗೊತ್ತೇ ಆಗುವುದಿಲ್ಲ. ಆದರೆ ಫೋಟೋದ ಕಪ್ಪು ಭಾಗದಿಂದ ಬರುವ ಬೆಳಕೂ ಅಷ್ಟೇ ಕಡಿಮೆ. ಹಾಗಾಗಿ ಕಪ್ಪು ಕುಪ್ಯ, ಕಪ್ಪು ಕೂದಲು, ಮಿಲಿಟರಿ ಯೂನಿಫಾರಂ ಇರುವ ಜಾಗದಲ್ಲೇ ಕಿಟಕಿ, ಕೈ ಎಲ್ಲಾ ಎದ್ದು ಕಾಣುವುದು. ತೆಗೆಯುವ ಮುನ್ನ ಪರೀಕ್ಷೆ ಮಾಡಲು ಮುಖ ಮಾತ್ರ ನೋಡಬೇಡಿ, ಫೋಟೋದಲ್ಲಿ ತುಂಬಾ ಕಪ್ಪಗಿರುವ ಜಾಗವನ್ನೂ ನೋಡಿ. ಮಂದ ಹೊಳಪು ಬೇಗ ಗೊತ್ತಾಗುವುದು ಅಲ್ಲೇ.

ಹತ್ತಿರ ಹೋಗಿ ತೆಗೆದರೆ ಚೆನ್ನಾಗಿ ಬರುತ್ತದೆ ಅಂತ ಜನ ನಂಬಿದ್ದಾರೆ. ಇಲ್ಲಿ ಅದು ಉಲ್ಟಾ. ಮೊಬೈಲಿನ ಮಾಮೂಲು ಲೆನ್ಸ್ ಅಗಲಕ್ಕೆ ನೋಡುತ್ತದೆ. ಹತ್ತಿರ ಹೋದಷ್ಟೂ ಫ್ರೇಮಿನ ಅಂಚು ಬಾಗುತ್ತದೆ, ಗಾಜಿನಲ್ಲಿ ಹಿಂದಿನ ಕೋಣೆಯೂ ಜಾಸ್ತಿ ಸೇರಿಕೊಳ್ಳುತ್ತದೆ. ನಾಲ್ಕು ಹೆಜ್ಜೆ ಹಿಂದೆ ಬಂದು 2ಎಕ್ಸ್ ಅಥವಾ 3ಎಕ್ಸ್ ಜೂಮ್ ಹಾಕಿ. ಆಗ ಹಿಂದೆ ಮರೆ ಮಾಡಬೇಕಾದ ಜಾಗವೂ ಚಿಕ್ಕದಾಗುತ್ತದೆ, ಒಂದು ಕಂಬಳಿ ಸಾಕು. ಕೈ ನಡುಗದ ಹಾಗೆ ಮೊಬೈಲನ್ನು ಸ್ಟೂಲಿನ ಮೇಲೋ ಡಬ್ಬದ ಮೇಲೋ ಒರಗಿಸಿ ಟೈಮರ್ ಇಡಿ. ಇಷ್ಟಾದ ಮೇಲೂ ಹೊಳಪು ಹೋಗದಿದ್ದರೆ ಸ್ವಲ್ಪ ಪಕ್ಕಕ್ಕೆ ಸರಿದು ಓರೆಯಾಗಿ ತೆಗೆಯಿರಿ. ಓರೆಯಾದ ಫ್ರೇಮನ್ನು ಆಮೇಲೆ ಮೊಬೈಲಿನಲ್ಲೇ ಎಳೆದು ಚೌಕ ಮಾಡಬಹುದು. ಬೆಳ್ಳಗಾದ ಮುಖವನ್ನು ಮಾತ್ರ ಯಾವುದರಲ್ಲೂ ತರಲಾಗುವುದಿಲ್ಲ.

ಈಗಿನ ಮಕ್ಕಳು "ಆ್ಯಪ್ ಇದೆಯಲ್ಲಾ ಅಂಕಲ್, ಒಂದು ನಿಮಿಷದಲ್ಲಿ ಹೋಗ್ತದೆ" ಅನ್ನುತ್ತಾರೆ. ಹೊಳಪು ಹೋಗುತ್ತದೆ, ಒಪ್ಪಿದೆ. ಆದರೆ ಆ ಜಾಗಕ್ಕೆ ಬರುವುದು ನಿಮ್ಮ ಅಜ್ಜನ ಕಣ್ಣಲ್ಲ. ಬೇರೆ ಸಾವಿರಾರು ಮುಖಗಳಿಂದ ಕಲಿತು ಆ ಆ್ಯಪ್ ಊಹಿಸಿ ಬರೆದ ಕಣ್ಣು. ಇನ್ನು ಇಪ್ಪತ್ತು ವರ್ಷ ಕಳೆದು ಮೊಮ್ಮಕ್ಕಳು ಅದನ್ನೇ ಅಜ್ಜ ಅಂತ ನೋಡುತ್ತಾರೆ. ಇದು ನನಗೆ ತಡೆಯಲಾಗದ ಸಂಗತಿ. ಗೋಡೆಯ ಬಣ್ಣವನ್ನೋ ಮೂಲೆಯ ಗೀರನ್ನೋ ಹಾಗೆ ಸರಿಮಾಡಿ, ಮುಖಕ್ಕೆ ಕೈ ಹಾಕಬೇಡಿ. ಆ ಫೋಟೋ ಇನ್ನೂ ಗೋಡೆಯ ಮೇಲೆ ಇದೆ ಅಂದಮೇಲೆ ಇನ್ನೊಂದು ಸಲ ತೆಗೆಯುವುದಕ್ಕೆ ಏನು ಕಷ್ಟ?

ಕ್ಯಾಮೆರಾ ಇಟ್ಟುಕೊಂಡವರು, ಲೆನ್ಸಿನ ಮುಂದೆ ಹಾಕಿ ತಿರುಗಿಸಿ ಹೊಳಪು ಇಳಿಸುವ ಪೋಲರೈಸರ್ ಫಿಲ್ಟರ್ ಬಗ್ಗೆ ಕೇಳುತ್ತಾರೆ. ಅದರ ಹಿಂದೆ ಒಂದು ಚೆಂದದ ಕಥೆ ಉಂಟು. 1808ರಲ್ಲಿ ಪ್ಯಾರಿಸಿನಲ್ಲಿ ಎಟಿಯೆನ್ ಲೂಯಿ ಮಾಲುಸ್ ಅನ್ನುವ ಎಂಜಿನಿಯರ್, ಲಕ್ಸೆಂಬರ್ಗ್ ಅರಮನೆಯ ಕಿಟಕಿ ಗಾಜಿನಲ್ಲಿ ಹೊಳೆಯುತ್ತಿದ್ದ ಸಂಜೆ ಸೂರ್ಯನನ್ನು ಒಂದು ಹರಳಿನ ಮೂಲಕ ನೋಡುತ್ತಿದ್ದ. ಆ ಹರಳಿನಲ್ಲಿ ಎಲ್ಲವೂ ಎರಡೆರಡಾಗಿ ಕಾಣುತ್ತದೆ. ಹರಳನ್ನು ತಿರುಗಿಸಿದಾಗ ಎರಡರಲ್ಲಿ ಒಂದು ಬಿಂಬ ಮಂಕಾಯಿತು. ಗಾಜಿನಿಂದ ತಿರುಗಿ ಬಂದ ಬೆಳಕಿಗೆ ಬೇರೆಯೇ ಒಂದು ಗುಣ ಇದೆ ಅಂತ ಆಗ ತಿಳಿಯಿತು. 1815ರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ಯಾವ ಓರೆಯಲ್ಲಿ ಆ ಗುಣ ಪೂರ್ತಿಯಾಗಿರುತ್ತದೆ ಅನ್ನುವ ನಿಯಮ ಹೇಳಿದ. ಮಾಮೂಲು ಗಾಜಿಗೆ ಆ ಓರೆ, ನೇರ ಎದುರಿನಿಂದ ಸುಮಾರು 56 ಡಿಗ್ರಿ.

ಆ ಗುಣದ ಬೆಳಕನ್ನೇ ಪೋಲರೈಸರ್ ತಡೆಯುವುದು. ಇದರಿಂದ ನಮಗೆ ಬೇಕಾದ ತಿಳಿವಳಿಕೆ ಇಷ್ಟು. ಅಂಗಡಿಯ ಶೋಕೇಸ್, ಸಂಗ್ರಹಾಲಯದ ಗಾಜಿನ ಪೆಟ್ಟಿಗೆ ಇಂಥವನ್ನು ಓರೆಯಾಗಿ ನಿಂತು ತೆಗೆಯುವಾಗ ಪೋಲರೈಸರ್ ತಿರುಗಿಸಿದರೆ ಹೊಳಪು ಚೆನ್ನಾಗಿ ಇಳಿಯುತ್ತದೆ. ಗೋಡೆಯ ಫ್ರೇಮನ್ನು ನೇರ ಎದುರಿನಿಂದ ತೆಗೆಯುವಾಗ ಅದು ಕೆಲಸಕ್ಕೆ ಬರುವುದಿಲ್ಲ, ಸುಮ್ನೆ ಬೆಳಕು ಕಡಿಮೆಯಾಗುತ್ತದೆ. ಹಳೆಯ ಫೋಟೋ ಪ್ರತಿ ಮಾಡುವುದಕ್ಕಾಗಿಯೇ ಅದನ್ನು ಕೊಳ್ಳಬೇಡಿ. ಕಂಬಳಿ ಸಾಕು.

ಗಾಜಿನ ಪೆಟ್ಟಿಗೆಯೊಳಗಿನ ವಸ್ತುಗಳ ವಿಷಯ ಬೇರೆ. ಮಡಿಕೇರಿ ಕೋಟೆಯೊಳಗಿನ ಹಳೆಯ ಚರ್ಚ್ ಕಟ್ಟಡದಲ್ಲಿ ಸಂಗ್ರಹಾಲಯ ಇದೆ. ಜನರಲ್ ತಿಮ್ಮಯ್ಯ ಅವರು ಹುಟ್ಟಿದ ಮನೆ ಸನ್ನಿಸೈಡ್ 2021ರ ಫೆಬ್ರವರಿಯಿಂದ ಸಂಗ್ರಹಾಲಯವಾಗಿದೆ. ಇಂಥ ಕಡೆ ಹೋದಾಗ ಮೊದಲು ಫೋಟೋ ತೆಗೆಯಬಹುದಾ ಅಂತ ಅಲ್ಲಿಯವರನ್ನು ಕೇಳಿ. ಬಿಟ್ಟರೆ, ಫ್ಲಾಶ್ ಇಲ್ಲದೆ ಮೊಬೈಲಿನ ಲೆನ್ಸನ್ನು ಗಾಜಿಗೆ ಮೆತ್ತಗೆ ತಾಗಿಸಿ ತೆಗೆಯಿರಿ. ಲೆನ್ಸಿಗೂ ಗಾಜಿಗೂ ನಡುವೆ ಜಾಗವೇ ಇಲ್ಲದಿದ್ದರೆ ಹೊರಗಿನ ಬೆಳಕು ನುಸುಳುವುದಿಲ್ಲ. ಗಾಜಿಗೆ ಗೀರು ಬೀಳದಂತೆ ಕರವಸ್ತ್ರ ಸುತ್ತಿ ಹಿಡಿಯಿರಿ. ಬಸ್ಸಿನ ಕಿಟಕಿಯಿಂದ ಘಾಟಿಯನ್ನು ತೆಗೆಯುವಾಗಲೂ ಇದೇ ಉಪಾಯ. ಆದರೆ ಬಸ್ಸು ಓಡುವಾಗ ಮೊಬೈಲನ್ನು ಗಾಜಿಗೆ ಒತ್ತಬೇಡಿ, ಅದರ ನಡುಕ ಮೊಬೈಲಿಗೂ ಬರುತ್ತದೆ, ನಡುವೆ ಒಂದು ಕೂದಲೆಳೆಯಷ್ಟು ಜಾಗ ಬಿಡಿ. ದಸರಾ ರಾತ್ರಿ ಮೆರವಣಿಗೆಯ ದಶಮಂಟಪಗಳನ್ನು ಮಹಡಿಯ ಕಿಟಕಿಯಿಂದ ತೆಗೆಯುವವರು ಕೋಣೆಯ ದೀಪ ಆರಿಸಿದರೆ ಅರ್ಧ ಕೆಲಸ ಆದ ಹಾಗೆ.

ಫ್ರೇಮಿನ ಗಾಜು ಒರೆಸುವ ಬಗ್ಗೆ ಒಂದು ಮಾತು. ದೀಪದ ಹೊಗೆ, ಅಗರಬತ್ತಿಯ ಮಸಿ ಕೂತಿರುತ್ತದೆ, ಒರೆಸದೆ ತೆಗೆದರೆ ಫೋಟೋ ಮಂಕು. ಆದರೆ ನೀರನ್ನೋ ಗಾಜು ಒರೆಸುವ ದ್ರವವನ್ನೋ ಗಾಜಿನ ಮೇಲೆ ಹೊಡೆಯಬೇಡಿ. ಅಂಚಿನಿಂದ ಒಳಗಿಳಿದರೆ ಫೋಟೋ ಹಾಳು. ಬಟ್ಟೆಗೆ ಸ್ವಲ್ಪ ಹಾಕಿಕೊಂಡು ಒರೆಸಿ. ಹಾಗೆಯೇ ಫ್ರೇಮಿನ ಬೆನ್ನಿನ ಫೋಟೋವನ್ನೂ ತೆಗೆಯಿರಿ. ಸ್ಟುಡಿಯೋದ ಸೀಲು, ಪೆನ್ಸಿಲಿನಲ್ಲಿ ಬರೆದ ಹೆಸರು ಅಲ್ಲಿರುತ್ತದೆ. ಮನೆಯಲ್ಲಿ ಹಿರಿಯರು ಇದ್ದರೆ ಯಾರು ಯಾರ ಪಕ್ಕ ಕೂತಿದ್ದಾರೆ ಅಂತ ಆಗಲೇ ಕೇಳಿ ಬರೆದುಕೊಳ್ಳಿ.

ಹೊಸದಾಗಿ ಕಟ್ಟು ಹಾಕಿಸುವವರು ಗಾಜಿಗೂ ಫೋಟೋಗೂ ನಡುವೆ ಮೌಂಟ್ ಬೋರ್ಡ್ ಅನ್ನುವ ದಪ್ಪ ರಟ್ಟಿನ ಅಂಚು ಕೇಳಿ ಹಾಕಿಸಿ. ಸುತ್ತ ಅಂಚು ಬರುವುದು ಅಂದಕ್ಕೆ ಮಾತ್ರ ಅಲ್ಲ, ಫೋಟೋ ಗಾಜಿಗೆ ತಾಗದಿರಲಿ ಅಂತ. ಹೊಳಪಿಲ್ಲದ ತರಿ ಗಾಜು ಹಾಕಿಸಿಕೊಂಡು ಹೋಗುವವರೂ ಇದ್ದಾರೆ. ಅದು ಬೆಳಕನ್ನು ಕಡಿಮೆ ಮಾಡುವುದಿಲ್ಲ, ಚದುರಿಸುತ್ತದೆ. ಫೋಟೋದ ಚೂಪು ಹೋಗುತ್ತದೆ. ನಾನು ಯಾರಿಗೂ ಅದನ್ನು ಹೇಳುವುದಿಲ್ಲ. ಲೇಪ ಹಚ್ಚಿದ ಸಂಗ್ರಹಾಲಯದ ಗಾಜು ನಿಜಕ್ಕೂ ಒಳ್ಳೆಯದು, ಅದರಿಂದ 1 ಶೇಕಡಾಕ್ಕಿಂತಲೂ ಕಡಿಮೆ ಬೆಳಕು ತಿರುಗಿ ಬರುತ್ತದೆ, ಆದರೆ ಬೆಲೆ ಜಾಸ್ತಿ.

ಸಂಪಾದಕರೇ, ನಿಮ್ಮಲ್ಲಿ ನನ್ನ ವಿನಂತಿ ಇದು. ಹಳೆಯ ಫೋಟೋ ಕಳಿಸಿ ಅಂತ ಪ್ರಕಟಣೆ ಹಾಕುವಾಗ ಅದರ ಕೆಳಗೆ ಎರಡು ಸಾಲು ಸೇರಿಸಿ. ಫ್ಲಾಶ್ ಆರಿಸಿ, ಪಕ್ಕದ ಬೆಳಕಿನಲ್ಲಿ, ಹಿಂದೆ ಕಪ್ಪು ಬಟ್ಟೆ ಹಿಡಿಸಿ ತೆಗೆಯಿರಿ ಅಂತ. ವಾಟ್ಸ್ಆ್ಯಪಿನಲ್ಲಿ ಮಾಮೂಲಾಗಿ ಕಳಿಸಿದರೆ ಫೋಟೋ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ ಅಂತಲೂ ಹೇಳಿ. ಮುಖದ ಮೇಲೆ ಹೊಳಪಿರುವ ಫೋಟೋ ಬಂದರೆ ಸುಮ್ನೆ ಹಾಕಿಬಿಡಬೇಡಿ. ಇನ್ನೊಮ್ಮೆ ತೆಗೆದು ಕಳಿಸಿ ಅಂತ ಕಳಿಸಿದವರಿಗೆ ತಿಳಿಸಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಅವರ ಮನೆಗೂ ಒಂದು ಒಳ್ಳೆಯ ಪ್ರತಿ ಉಳಿಯುತ್ತದೆ.

ಓದುಗರಿಗೂ ಹೇಳುವುದಿದೆ. ಇದು ಮದುವೆಗಳ ಕಾಲ. ಬೆಂಗಳೂರು, ಮೈಸೂರಿನಲ್ಲಿರುವ ಮಕ್ಕಳೆಲ್ಲ ಊರಿಗೆ ಬಂದಿರುತ್ತಾರೆ. ಅವರ ಹತ್ತಿರ ಒಳ್ಳೆಯ ಮೊಬೈಲುಗಳಿವೆ. ಒಂದು ಮಧ್ಯಾಹ್ನ ಊಟ ಆದಮೇಲೆ ಅವರನ್ನು ಗೋಡೆಯ ಮುಂದೆ ನಿಲ್ಲಿಸಿ ಎಲ್ಲಾ ಫ್ರೇಮುಗಳನ್ನೂ ತೆಗೆಸಿ, ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಇಟ್ಟುಕೊಳ್ಳಿ. ಜೂನ್ ಬಂದರೆ ಬಾಗಿಲು ತೆಗೆದಿಟ್ಟು ಬೆಳಕು ಕಾಯುವುದು ಕಷ್ಟ.

ಮನೆಯಲ್ಲಿ ಮಾಡಲು ಆಗದವರು ಫ್ರೇಮನ್ನು ಮಡಿಕೇರಿಗೆ ತಂದರೆ ನನ್ನ ಅಂಗಡಿಯಲ್ಲಿ ಪಕ್ಕದ ಕಿಟಕಿ, ಕಪ್ಪು ಬಟ್ಟೆ, ಮೊಬೈಲ್ ಸ್ಟ್ಯಾಂಡ್ ಸಿದ್ಧ ಇಟ್ಟಿದ್ದೇನೆ. ನಿಮ್ಮ ಮೊಬೈಲಿನಲ್ಲೇ ತೆಗೆದುಕೊಳ್ಳಬಹುದು. ದುಡ್ಡು ಬೇಡ. ಶುಕ್ರವಾರ ಸಂತೆಯ ಗಲಾಟೆ ಇರುತ್ತದೆ, ಬೇರೆ ದಿನ ಬನ್ನಿ. ಫ್ರೇಮನ್ನು ಟವೆಲ್ಲಿನಲ್ಲಿ ಸುತ್ತಿ, ನೆಟ್ಟಗೆ ನಿಲ್ಲಿಸಿಕೊಂಡೇ ತನ್ನಿ.

ಇಂತಿ,
ಫೋಟೋಗಳಿಗೆ ಕಟ್ಟು ಹಾಕುವ ಒಬ್ಬ ಓದುಗ,
ಮಡಿಕೇರಿ